ಹತ್ತು ಚಿತ್ರಗಳಿಂದ ಒಂದು ಚಿತ್ರ

ಈ ಸ್ಮರಣ ಸಂಚಿಕೆಯ ನಡುವೆ ಮಡಿಸಿ ಸೇರಿಸಿರುವ ಉದ್ದನೆಯ ಚಿತ್ರವನ್ನು ವಾಚಕರು ಈಗಾಗಲೇ ಬಿಡಿಸಿ ನೋಡಿರಬಹುದು. ಅದರ ಎಡತುದಿಯಲ್ಲಿ ಹೆಬ್ಬಾಗಿಲು, ಬಲತುದಿಯಲ್ಲಿ ಬಾವಿಕಟ್ಟೆ, ನಡುವೆ ಹಂಚು ಹೊದಿಸಿದ ಹಳೆಯ ಶಾಲಾಗೃಹ, ಅದರ ಮುಂದೆ ಬಿಲ್ಲಿನಂತೆ ಬಾಗಿದ ಸಾಲುಗಳಲ್ಲಿ ನಿಂತಿರುವ ನಮ್ಮ ವಿದ್ಯಾರ್ಥಿನಿಯರು, ಉಪಾಧ್ಯಾಯಿನಿಯರು, ಆಯಾಗಳು ಎಲ್ಲರೂ ಇದ್ದಾರೆ. ಇದೇ ಚಿತ್ರದ ಎಂಟು ಅಡಿ ಉದ್ದದ ಪ್ರತಿಯೊಂದು ನಮ್ಮ ಸಭಾಂಗಣದ ಗೋಡೆಯ ಮೇಲೆ ತೂಗುತ್ತಿದೆ. ಬರುವ ಬೇಸಗೆಯ ರಜೆಯಲ್ಲಿ ಹಳೆಯ ಶಾಲಾಗೃಹವನ್ನು ಕೆಡವಿ ಹೊಸದನ್ನು ಕಟ್ಟುವುದೆಂದು ನಿಶ್ಚಯವಾಗಿರುವುದರಿಂದ, ಅದು ನಿಂತಿರುವಾಗಲೇ, ಅದರಲ್ಲಿ ಓದುತ್ತಿರುವ ಮಕ್ಕಳೆಲ್ಲರ ಸಮೇತ, ಅದರ ಪೂರ್ಣರೂಪವನ್ನು ಉಳಿಸಿಕೊಳ್ಳಬೇಕೆಂಬುದೇ ಈ ಪ್ರಯತ್ನದ ಉದ್ದೇಶವಾಗಿತ್ತು.

"ಇಷ್ಟು ಅಗಲವಾದ ಚಿತ್ರವನ್ನು ತೆಗೆಯುವ ಕ್ಯಾಮೆರಾ ನಿಮಗೆ ಎಲ್ಲಿ ದೊರೆಯಿತು?" ಎಂದು ಹೆತ್ತವರಲ್ಲಿ ಅನೇಕರು ನಮ್ಮನ್ನು ಕೇಳಿದ್ದಾರೆ. ಅಂತಹ ಕ್ಯಾಮೆರಾ ಯಾವುದೂ ನಮ್ಮಲ್ಲಿಲ್ಲ. ಉಪಾಧ್ಯಾಯಿನಿಯೊಬ್ಬರ ಮನೆಯಿಂದ ಎರವಲು ತಂದ ಸಾಮಾನ್ಯವಾದ ಕ್ಯಾಮೆರಾದಿಂದಲೇ ಈ ಕೆಲಸವಾಯಿತು. ವಾಸ್ತವವಾಗಿ ಇದು ಒಂದು ಚಿತ್ರವಲ್ಲ. ಹತ್ತು ಚಿತ್ರಗಳನ್ನು ಅಂಚಿಗೆ ಅಂಚು ಕೂಡಿಸಿ ಮಾಡಿದ್ದು. ಹಳೆಯ ಸೀರೆಯ ತುಂಡುಗಳನ್ನು ಜೋಡಿಸಿ ನಮ್ಮ ಅಜ್ಜಿಯರು ಕೌದಿಯನ್ನು ಹೊಲಿಯುತ್ತಿದ್ದರಷ್ಟೆ. ಇದೂ ಒಂದು ಬಗೆಯ ಕೌದಿಯೇ. ಭೇದವೇನೆಂದರೆ, ಕೌದಿಯಲ್ಲಿ ತುಂಡುಗಳು ಎದ್ದು ಕಾಣುವುದೇ ಅಂದ. ಇಲ್ಲಿ ಹೊಲಿಗೆಯು ಕಾಣದಿರುವುದೇ ಜಾಣತನ. ಈ ಜಾಣತನದಲ್ಲಿ ಒಂದು ಅಪಾಯವೂ ಅಡಗಿದೆ. ಅದನ್ನು ನಾವು ಅನುಭವದಿಂದ ಕಲಿಯಬೇಕಾಯಿತು. ಅದರ ಸಂಗತಿಯನ್ನು ಮುಂದೆ ಹೇಳುವೆವು.

ಒಂದು ಚಿತ್ರವೇ ಏಕೆ ಸಾಲದು?

ಅಗಲವಾದ ನೋಟವನ್ನು ಒಂದೇ ಸಲಕ್ಕೆ ಹಿಡಿಯುವ ಮಸೂರಗಳು ಇಲ್ಲವೆಂದಲ್ಲ. ಆದರೆ ನೋಟವು ಅಗಲವಾದಷ್ಟೂ ಅದರಲ್ಲಿನ ಒಂದೊಂದು ವಸ್ತುವಿನ ಪಾಲಿಗೆ ಬರುವ ಸ್ಥಳವು ಕಿರಿದಾಗುತ್ತದೆ. ಈ ಕಾಲದ ಕ್ಯಾಮೆರಾಗಳಲ್ಲಿ ಚಿತ್ರವು ಪಿಕ್ಸೆಲ್‌ಗಳೆಂಬ ಅತಿ ಸಣ್ಣ ಚುಕ್ಕೆಗಳಿಂದ ಆಗುತ್ತದೆ. ನಾವು ಬಳಸಿದ ಕ್ಯಾಮೆರಾದ ಚಿತ್ರದಲ್ಲಿ ಒಂದು ಬದಿಗೆ ೬,೦೦೦, ಇನ್ನೊಂದು ಬದಿಗೆ ೪,೦೦೦, ಅಂತು ೨ ಕೋಟಿ ೪೦ ಲಕ್ಷ ಚುಕ್ಕೆಗಳಿರುತ್ತವೆ. ಈ ಲೆಕ್ಕವು ದೊಡ್ಡದೆಂದು ತೋರಬಹುದು. ಆದರೆ ಅಂಗಳವನ್ನೆಲ್ಲ ಒಂದೇ ಚಿತ್ರದಲ್ಲಿ ಅಡಗಿಸಿದರೆ ಒಬ್ಬೊಬ್ಬ ಹುಡುಗಿಯ ಮುಖಕ್ಕೆ ಬರುವ ಚುಕ್ಕೆಗಳು ಕೆಲವೇ. ಅದನ್ನು ದೊಡ್ಡದು ಮಾಡಿದರೆ ಮುಖವು ದೊಡ್ಡದಾಗುವುದಿಲ್ಲ, ಮಸುಕು ದೊಡ್ಡದಾಗುತ್ತದೆ. ಇಲ್ಲದಿರುವ ವಿವರವನ್ನು ಹಿಗ್ಗಿಸಿ ಪಡೆಯುವುದು ಸಾಧ್ಯವಿಲ್ಲ.

ಆದುದರಿಂದ ಬೇರೊಂದು ಉಪಾಯವನ್ನು ಹಿಡಿಯಬೇಕು. ನೋಟವನ್ನು ಹಲವು ಭಾಗಗಳಾಗಿ ಹಂಚಿಕೊಂಡು, ಪ್ರತಿಯೊಂದು ಭಾಗಕ್ಕೂ ಪೂರ್ತಿಯಾದ ಒಂದು ಚಿತ್ರವನ್ನು ಕೊಟ್ಟು, ಆ ಮೇಲೆ ಎಲ್ಲವನ್ನೂ ಕೂಡಿಸಬೇಕು. ಹೀಗೆ ಮಾಡಿದರೆ ಅಗಲವೂ ಉಂಟು, ವಿವರವೂ ಉಂಟು.

ಪೂರ್ವದ ಇತಿಹಾಸ

ಈ ವಿಚಾರವು ನಿನ್ನೆ ಮೊನ್ನೆಯದಲ್ಲ. ಛಾಯಾಚಿತ್ರವು ಹುಟ್ಟುವುದಕ್ಕೆ ಮುಂಚೆಯೇ, ೧೭೮೭ರಲ್ಲಿ, ರಾಬರ್ಟ್ ಬಾರ್ಕರ್ ಎಂಬ ಚಿತ್ರಕಾರನು, ನೋಡುವವರ ಸುತ್ತಲೂ ವರ್ತುಲಾಕಾರವಾಗಿ ಹರಡುವ ಚಿತ್ರಗಳನ್ನು ಬರೆಯುವ ತನ್ನ ಕ್ರಮಕ್ಕೆ ಸರಕಾರದಿಂದ ಪೇಟೆಂಟು ಪಡೆದನು. ಎಡಿನ್‌ಬರೋ ನಗರವನ್ನು ಕಾಲ್ಟನ್ ಗುಡ್ಡದಿಂದ ಕಂಡಂತೆ ಅವನು ಚಿತ್ರಿಸಿದನು. 'ಸಮಸ್ತ' ಎಂಬರ್ಥದ ಮತ್ತು 'ನೋಟ' ಎಂಬರ್ಥದ ಎರಡು ಗ್ರೀಕ್ ಶಬ್ದಗಳು ಕೂಡಿ ಇಂತಹ ಚಿತ್ರಕ್ಕೆ 'ಪ್ಯಾನರಾಮ' ಎಂಬ ಹೆಸರು ಬಂದಿತು. ೧೭೯೩ರಲ್ಲಿ ಲಂಡನ್ನಿನ ಲೆಸ್ಟರ್ ಚೌಕದಲ್ಲಿ ಇದಕ್ಕಾಗಿಯೇ ಒಂದು ವರ್ತುಲಾಕಾರದ ಭವನವು ತೆರೆಯಿತು. ನಮ್ಮ ನಾಡಿಗೂ ಈ ಕಲೆಗೂ ಬೇಗನೆ ನಂಟು ಬೆಳೆದುದು ವಿಷಾದದ ಒಂದು ಪ್ರಸಂಗದಿಂದ. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣದ ಕೋಟೆಯು ಬಿದ್ದು ಟಿಪ್ಪು ಸುಲ್ತಾನನು ಮಡಿದ ಮರುವರ್ಷವೇ ರಾಬರ್ಟ್ ಕೆರ್ ಪೋರ್ಟರ್ ಎಂಬ ತರುಣ ಚಿತ್ರಕಾರನು ಆ ಮುತ್ತಿಗೆಯನ್ನು ಸುಮಾರು ೧೨೦ ಅಡಿ ಉದ್ದದ ಬಟ್ಟೆಯ ಮೇಲೆ ಬರೆದು ಲಂಡನ್ನಿನಲ್ಲಿ ಪ್ರದರ್ಶಿಸಿದನು. ಆ ಮೂಲಚಿತ್ರವು ಇಂದು ಉಳಿದಿಲ್ಲ. ಅದನ್ನು ನೋಡಿ ಕೊರೆದ ಅಚ್ಚಿನ ಪ್ರತಿಗಳು ಮಾತ್ರ ಉಳಿದಿವೆ.

೧೮೩೯ರಲ್ಲಿ ಡಾಗೇರನ ಛಾಯಾಚಿತ್ರ ವಿಧಾನವು ಲೋಕಕ್ಕೆ ಪ್ರಕಟವಾದ ಮೇಲೆ ಚಿತ್ರಗಳನ್ನು ಕೂಡಿಸುವ ಕೆಲಸವು ಆರಂಭವಾಯಿತು. ೧೮೪೮ರಲ್ಲಿ ಅಮೇರಿಕದ ಸಿನ್‌ಸಿನಾಟಿ ಪಟ್ಟಣದ ನದೀತೀರವನ್ನು ಫಾಂಟೇನ್ ಮತ್ತು ಪೋರ್ಟರ್ ಎಂಬ ಇಬ್ಬರು ಓಹಾಯೋ ನದಿಯ ಆಚೆಯ ದಡದಿಂದ ಎಂಟು ಲೋಹದ ಫಲಕಗಳಲ್ಲಿ ಹಿಡಿದರು. ನೂರೈವತ್ತು ವರುಷಗಳ ಮೇಲೆ ಸಂರಕ್ಷಕರು ಆ ಫಲಕಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಲಾಗಿ, ಬರಿಗಣ್ಣಿಗೆ ಸಾಸಿವೆಯಷ್ಟೂ ಕಾಣದ ಒಂದು ಗೋಪುರದ ಗಡಿಯಾರದಲ್ಲಿ ಗಂಟೆಯನ್ನೂ ಓದಲು ಸಾಧ್ಯವಾಯಿತು. ಹೆಚ್ಚು ವಿವರವನ್ನು ಹಿಡಿದಿಡುವುದರ ಪ್ರಯೋಜನವು ಇದರಿಂದ ತಿಳಿಯುತ್ತದೆ. ತೆಗೆದವರು ಯಾವುದನ್ನು ಗಮನಿಸಲಿಲ್ಲವೋ ಅದನ್ನು ಮುಂದಿನ ತಲೆಮಾರಿನವರು ಹುಡುಕಿ ತೆಗೆಯಬಲ್ಲರು.

ನಮ್ಮ ವಿದ್ಯಾರ್ಥಿನಿಯರು ವಿಶೇಷವಾಗಿ ನೆನಪಿಡತಕ್ಕ ಹೆಸರು ಲಿನೀಯಸ್ ಟ್ರೈಪ್ ಎಂಬವನದು. ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಈತನು ೧೮೫೪ರ ಡಿಸೆಂಬರಿನಲ್ಲಿ ಹಳೇಬೀಡು, ಬೇಲೂರು, ಶ್ರವಣಬೆಳಗೊಳಗಳಿಗೆ ಹೋಗಿ ಅಲ್ಲಿಯ ಶಿಲ್ಪಗಳ ಛಾಯಾಚಿತ್ರಗಳನ್ನು ತೆಗೆದನು. ತರುವಾಯ ಮದರಾಸು ಸರಕಾರದ ಛಾಯಾಚಿತ್ರಕಾರನಾಗಿ ನೇಮಕಗೊಂಡು, ೧೮೫೮ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದ ವಿಮಾನದ ಬುಡದಲ್ಲಿ ಕೆತ್ತಿರುವ ಶಾಸನಗಳನ್ನು ಸಾಲಾಗಿ ಚಿತ್ರಿಸಿದನು. ಇಪ್ಪತ್ತೊಂದು ಚಿತ್ರಗಳನ್ನು ಒಂದರ ಪಕ್ಕದಲ್ಲೊಂದು ಅಂಟಿಸಿದಾಗ ಸುಮಾರು ೧೯ ಅಡಿ ಉದ್ದದ ಪಟ್ಟಿಯಾಯಿತು. ಕಲ್ಲಿನ ಮೇಲಣ ಅಕ್ಷರಗಳು ಅದರಲ್ಲಿ ಸಾಲುಸಾಲಾಗಿ ಮೂಡಿವೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ದಕ್ಷಿಣದೇಶದ ಬಿಸಿಲಿನಲ್ಲಿ, ಒಂದೊಂದು ಚಿತ್ರಕ್ಕೂ ಬಹಳ ಹೊತ್ತು ಕಾಯ್ದು ಮಾಡಿದ ಈ ಕೆಲಸದ ಶ್ರಮವನ್ನು ಊಹಿಸಿಕೊಳ್ಳಬಹುದು.

ಇಲ್ಲಿ ಎರಡು ಕ್ರಮಗಳಿರುವುದನ್ನು ಗಮನಿಸಬೇಕು. ಗುಡ್ಡದ ಮೇಲೆ ನಿಂತು ಸುತ್ತಲೂ ತಿರುಗಿ ನೋಡಿದಂತೆ ಕ್ಯಾಮೆರಾವನ್ನು ಒಂದೇ ಸ್ಥಳದಲ್ಲಿ ತಿರುಗಿಸುವುದು ಒಂದು ಕ್ರಮ. ಗೋಡೆಯ ಪಕ್ಕದಲ್ಲಿ ನಡೆದು ಹೋಗುವಂತೆ ಕ್ಯಾಮೆರಾವನ್ನೇ ಸರಿಸುತ್ತ ಹೋಗುವುದು ಇನ್ನೊಂದು. ಟ್ರೈಪನು ಮಾಡಿದ್ದು ಎರಡನೆಯದು. ಅದು ಗೋಡೆ, ಶಾಸನ, ವರ್ಣಚಿತ್ರ ಮುಂತಾದ ಚಪ್ಪಟೆಯಾದ ವಸ್ತುಗಳಿಗೆ ತಕ್ಕದ್ದು. ದೂರದ್ದೂ ಹತ್ತಿರದ್ದೂ ಕೂಡಿರುವ ಅಂಗಳ, ಬೀದಿ, ಬೆಟ್ಟಗಳಿಗೆ ಮೊದಲನೆಯದೇ ಯೋಗ್ಯ. ನಮ್ಮ ಶಾಲೆಯ ಚಿತ್ರವು ಮೊದಲನೆಯ ಕ್ರಮದ್ದು.

ಚಿತ್ರಗಳನ್ನು ತೆಗೆಯುವ ಬಗೆ

ಈ ಕೆಲಸದ ಬಹುಪಾಲು ತೊಂದರೆಗಳು ಕಂಪ್ಯೂಟರಿನ ಮುಂದೆ ಹುಟ್ಟುವುದಿಲ್ಲ. ಚಿತ್ರ ತೆಗೆಯುವಾಗಲೇ ಹುಟ್ಟುತ್ತವೆ. ಆದಕಾರಣ ಮೊದಲು ನಾಲ್ಕು ವಿಷಯಗಳನ್ನು ಚೆನ್ನಾಗಿ ತಿಳಿದುಕೊಳ್ಳತಕ್ಕದ್ದು.

ಮೊದಲನೆಯದು, ತಿರುಗುವ ಕೇಂದ್ರ. ಒಂದು ಸಣ್ಣ ಪರೀಕ್ಷೆಯನ್ನು ಮಾಡಿ ನೋಡಿರಿ. ಒಂದು ಕಣ್ಣನ್ನು ಮುಚ್ಚಿಕೊಂಡು, ಕೈಯನ್ನು ನೀಡಿ, ಹೆಬ್ಬೆರಳು ದೂರದ ತೆಂಗಿನ ಮರಕ್ಕೆ ನೇರವಾಗಿ ಬರುವಂತೆ ಹಿಡಿಯಿರಿ. ಕೈಯನ್ನು ಅಲುಗಿಸದೆ ಮುಖವನ್ನು ಮಾತ್ರ ಮೆಲ್ಲಗೆ ಎಡಬಲಕ್ಕೆ ತಿರುಗಿಸಿದರೆ ಬೆರಳು ಮರವನ್ನು ಬಿಟ್ಟು ಪಕ್ಕಕ್ಕೆ ಸರಿದಂತೆ ಕಾಣುವುದು. ಯಾಕೆಂದರೆ ತಲೆಯು ತಿರುಗುವುದು ಕತ್ತಿನ ಮೇಲೆ. ಕಣ್ಣು ಅದಕ್ಕಿಂತ ಮುಂದಿರುವುದರಿಂದ ತನ್ನ ಸ್ಥಾನವನ್ನು ಬದಲಿಸುತ್ತದೆ. ನೋಡುವ ಸ್ಥಾನವು ಬದಲಾದರೆ ಹತ್ತಿರದ ವಸ್ತುವೂ ದೂರದ ವಸ್ತುವೂ ಒಂದೇ ಪ್ರಮಾಣದಲ್ಲಿ ಸರಿಯುವುದಿಲ್ಲ. ಇದಕ್ಕೆ ಪ್ಯಾರಲ್ಯಾಕ್ಸ್ ಎಂದು ಹೆಸರು. ಕ್ಯಾಮೆರಾದಲ್ಲಿಯೂ ಹೀಗೆಯೇ. ಅದನ್ನು ತಳದ ತಿರುಪಿನ ಮೇಲೆ ತಿರುಗಿಸಿದರೆ ಮಸೂರವು ಸ್ಥಾನ ತಪ್ಪುತ್ತದೆ. ಮೊದಲನೆಯ ಚಿತ್ರದಲ್ಲಿ ಕಂಬದ ಹಿಂದೆ ಮರೆಯಾಗಿದ್ದ ಕಿಟಕಿಯು ಎರಡನೆಯದರಲ್ಲಿ ಹೊರಗೆ ಬರುತ್ತದೆ. ಇಂತಹ ಎರಡು ಚಿತ್ರಗಳನ್ನು ಯಾವ ಯಂತ್ರವೂ ಸರಿಯಾಗಿ ಕೂಡಿಸಲಾರದು.

ಮಸೂರವನ್ನು ಮುಂದಿನಿಂದ ನೋಡಿದಾಗ ಒಳಗೆ ಬೆಳಕಿನ ಸಣ್ಣದೊಂದು ಕಂಡಿಯು ಕಾಣಿಸುವುದಷ್ಟೆ. ಅದು ಕಾಣುವ ಸ್ಥಾನವೇ ತಿರುಗುವ ಕೇಂದ್ರವಾಗಿರಬೇಕು. ಅದನ್ನು ಗೊತ್ತುಮಾಡಲು ನಾವು ಅಂಗಳದಲ್ಲಿ ಎರಡು ಕೋಲುಗಳನ್ನು, ಹತ್ತಿರ ಒಂದು, ದೂರ ಒಂದು, ಒಂದೇ ನೇರದಲ್ಲಿ ನೆಟ್ಟೆವು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾವನ್ನು ಸ್ವಲ್ಪಸ್ವಲ್ಪವಾಗಿ ಹಿಂದಕ್ಕೆ ಸರಿಸುತ್ತ, ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿದೆವು. ಎಷ್ಟು ತಿರುಗಿಸಿದರೂ ಎರಡು ಕೋಲುಗಳು ಒಂದರ ಹಿಂದೊಂದು ಅಡಗಿಯೇ ಇದ್ದಾಗ ಕೇಂದ್ರವು ಸಿಕ್ಕಿತೆಂದು ತಿಳಿದು ಅಲ್ಲಿ ಗುರುತು ಹಾಕಿದೆವು.

ಎರಡನೆಯದು, ಸಮಾನಭಾಗ. ಬಟ್ಟೆಯನ್ನು ಹೊಲಿಯುವಾಗ ಅಂಚಿಗೆಂದು ಸ್ವಲ್ಪ ಬಟ್ಟೆ ಬಿಡುವುದನ್ನು ನಮ್ಮ ಹೊಲಿಗೆಯ ತರಗತಿಯ ಮಕ್ಕಳೆಲ್ಲರೂ ಬಲ್ಲರು. ಹಾಗೆಯೇ ಒಂದು ಚಿತ್ರದ ಬಲಭಾಗದಲ್ಲಿ ಕಂಡದ್ದು ಮುಂದಿನ ಚಿತ್ರದ ಎಡಭಾಗದಲ್ಲಿಯೂ ಕಾಣುವಂತೆ ತೆಗೆಯಬೇಕು. ಈ ಸಮಾನಭಾಗವು ಚಿತ್ರದ ಕಾಲುಪಾಲಿನಿಂದ ಮೂರರಲ್ಲಿ ಒಂದು ಪಾಲಿನವರೆಗೆ ಇದ್ದರೆ ಒಳ್ಳೆಯದು. ಇದಕ್ಕಿಂತ ಕಡಮೆಯಾದರೆ ಹೊಲಿಗೆಯು ಬಿಡುತ್ತದೆ. ಬಹಳ ಹೆಚ್ಚಾದರೆ ಚಿತ್ರಗಳ ಸಂಖ್ಯೆಯು ವೃಥಾ ಬೆಳೆಯುತ್ತದೆ.

ಮೂರನೆಯದು, ಬೆಳಕಿನ ಸಮತೆ. ಕ್ಯಾಮೆರಾವನ್ನು ಅದರ ಇಷ್ಟಕ್ಕೆ ಬಿಟ್ಟರೆ ಅದು ಪ್ರತಿಯೊಂದು ಚಿತ್ರಕ್ಕೂ ಬೆಳಕಿನ ಪ್ರಮಾಣವನ್ನು ಬೇರೆಬೇರೆಯಾಗಿ ಗೊತ್ತುಮಾಡುತ್ತದೆ. ನೆರಳಿನ ಕಡೆಗೆ ತಿರುಗಿದಾಗ ಆಕಾಶವು ಬಿಳುಪೇರುತ್ತದೆ. ಬಿಸಿಲಿನ ಕಡೆಗೆ ತಿರುಗಿದಾಗ ಅದೇ ಆಕಾಶವು ಕಪ್ಪಾಗುತ್ತದೆ. ಕೂಡಿಸಿದಾಗ ಪಟ್ಟೆಪಟ್ಟೆಯ ಜಮಖಾನದಂತೆ ಕಾಣುವುದು. ಆದುದರಿಂದ ಬೆಳಕಿನ ಪ್ರಮಾಣ, ಬಣ್ಣದ ಹದ, ಮಸೂರದ ಫೋಕಸ್ ಈ ಮೂರನ್ನೂ ಮೊದಲೇ ಒಂದು ಮಾದರಿಯ ಚಿತ್ರದಲ್ಲಿ ನಿಶ್ಚಯಿಸಿಕೊಂಡು, ಕೊನೆಯವರೆಗೆ ಬದಲಿಸದೆ ಇಡತಕ್ಕದ್ದು.

ನಾಲ್ಕನೆಯದು, ಲೆಕ್ಕ. ಹಿಂದಿನಿಂದಲೂ ಗಣಿತಕ್ಕೆ ಅಂಜುವ ಹುಡುಗಿಯರು ನಮ್ಮಲ್ಲಿ ಕೆಲವರಿದ್ದಾರೆ. ಅವರಿಗಾಗಿ ಇದನ್ನು ಬಿಡಿಸಿ ಬರೆಯುತ್ತೇವೆ. ೩೬ ಮಿಲಿಮೀಟರ್ ಉದ್ದ, ೨೪ ಮಿಲಿಮೀಟರ್ ಅಗಲದ ಚಿತ್ರಫಲಕವುಳ್ಳ ಕ್ಯಾಮೆರಾಕ್ಕೆ ೫೦ ಮಿಲಿಮೀಟರ್ ಮಸೂರವನ್ನು ತೊಡಿಸಿ ನೆಟ್ಟಗೆ ನಿಲ್ಲಿಸಿದರೆ, ಅಡ್ಡಲಾಗಿ ಅದು ಸುಮಾರು ೨೭ ಡಿಗ್ರಿಯನ್ನು ನೋಡುತ್ತದೆ. ಅದರಲ್ಲಿ ನೂರಕ್ಕೆ ಮೂವತ್ತು ಪಾಲನ್ನು ಸಮಾನಭಾಗಕ್ಕೆ ಬಿಟ್ಟರೆ ಪ್ರತಿಯೊಂದು ಸಲವೂ ಹೊಸದಾಗಿ ದೊರೆಯುವುದು ೧೯ ಡಿಗ್ರಿ. ಒಂಬತ್ತು ಚಿತ್ರಗಳಿಗೆ ೨೭ಕ್ಕೆ ಎಂಟು ಹತ್ತೊಂಬತ್ತುಗಳನ್ನು ಕೂಡಿಸಲು ೧೭೯ ಡಿಗ್ರಿಯಾಗುತ್ತದೆ. ಅರ್ಧ ವೃತ್ತಕ್ಕೆ ಒಂದು ಡಿಗ್ರಿ ಸಾಲದು. ಅದಕ್ಕಾಗಿ ನಾವು ಹತ್ತು ಚಿತ್ರಗಳನ್ನು ತೆಗೆದೆವು. ಕೂಡಿಸಿದ ಮೇಲೆ ಚಿತ್ರದ ಅಗಲಕ್ಕೆ ಸುಮಾರು ೨೯,೦೦೦, ಎತ್ತರಕ್ಕೆ ೬,೦೦೦, ಒಟ್ಟು ೧೭ ಕೋಟಿಗೆ ಮೇಲ್ಪಟ್ಟು ಚುಕ್ಕೆಗಳಾದುವು. ಒಂದು ಅಂಗುಲಕ್ಕೆ ೩೦೦ ಚುಕ್ಕೆಗಳಂತೆ ಅಚ್ಚು ಮಾಡಿದರೆ ಅದು ಎಂಟು ಅಡಿ ಉದ್ದವಾಗುತ್ತದೆ. ನಮ್ಮ ಸಭಾಂಗಣದ ಚಿತ್ರದ ಅಳತೆಯು ಹೀಗೆ ಬಂದದ್ದು.

ಕೂಡಿಸುವ ಬಗೆ

ಟ್ರೈಪನ ಕಾಲದಲ್ಲಿ ಕತ್ತರಿ, ಅಂಟು, ಕಣ್ಣಿನ ಅಂದಾಜು ಇವು ಮಾಡುತ್ತಿದ್ದ ಕೆಲಸವನ್ನು ಈಗ ಕಂಪ್ಯೂಟರು ಮಾಡುತ್ತದೆ. ೧೯೯೮ರಲ್ಲಿ ಹೆಲ್ಮುಟ್ ಡೆರ್ಶ್ ಎಂಬ ಜರ್ಮನ್ ಅಧ್ಯಾಪಕರು ಇದಕ್ಕೆ ಬೇಕಾದ ಸಾಧನಗಳನ್ನು ರಚಿಸಿ ಹಂಚಿದರು. ಅವುಗಳ ಆಧಾರದ ಮೇಲೆ ಬೆಳೆದ 'ಹ್ಯೂಗಿನ್' ಎಂಬ ಸಾಫ್ಟ್‌ವೇರು ಎಲ್ಲರಿಗೂ ಉಚಿತವಾಗಿ ದೊರೆಯುತ್ತದೆ. ನಮ್ಮ ಹತ್ತನೆಯ ತರಗತಿಯ ಹುಡುಗಿಯರು ಅದನ್ನೇ ಬಳಸಿದರು.

ಎರಡು ಚಿತ್ರಗಳು ಎಲ್ಲಿ ಕೂಡುತ್ತವೆಂಬುದನ್ನು ಯಂತ್ರವು ಹೇಗೆ ತಿಳಿಯುತ್ತದೆ? ಅದು ಮನುಷ್ಯರಂತೆ 'ಇದು ಕಿಟಕಿ, ಇದು ಮರ' ಎಂದು ಅರಿಯುವುದಿಲ್ಲ. ಹಂಚಿನ ಮೂಲೆ, ಕಲ್ಲಿನ ಮೇಲಿನ ಕಲೆ, ಕಿಟಕಿಯ ಸರಳು ಸೇರುವ ಬಿಂದು ಮೊದಲಾದ, ಸುತ್ತಮುತ್ತಲಿನಿಂದ ಬೇರೆಯಾಗಿ ಕಾಣುವ ಸಾವಿರಾರು ಗುರುತುಗಳನ್ನು ಅದು ಪ್ರತಿಯೊಂದು ಚಿತ್ರದಲ್ಲಿಯೂ ಆರಿಸುತ್ತದೆ. ಚಿತ್ರವು ಸ್ವಲ್ಪ ತಿರುಗಿದರೂ ಹಿರಿದು ಕಿರಿದಾದರೂ ಇಂತಹ ಗುರುತುಗಳನ್ನು ಮತ್ತೆ ಕಂಡುಹಿಡಿಯುವ ಉಪಾಯವೊಂದನ್ನು ೧೯೯೯ರಲ್ಲಿ ಕೆನಡಾದ ಡೇವಿಡ್ ಲೋ ಎಂಬ ವಿದ್ವಾಂಸರು ಪ್ರಕಟಿಸಿದರು. ೨೦೦೩ರಲ್ಲಿ ಅವರೂ ಮ್ಯಾಥ್ಯೂ ಬ್ರೌನ್ ಎಂಬವರೂ ಸೇರಿ, ಕ್ರಮವಿಲ್ಲದೆ ರಾಶಿ ಹಾಕಿದ ಚಿತ್ರಗಳಲ್ಲಿ ಯಾವುದು ಯಾವುದಕ್ಕೆ ಸೇರಬೇಕೆಂಬುದನ್ನು ಯಂತ್ರವೇ ಕಂಡುಕೊಳ್ಳುವಂತೆ ಮಾಡಿದರು.

ಆದರೂ ಗುರುತುಗಳನ್ನು ಹೊಂದಿಸುವಾಗ ತಪ್ಪುಗಳಾಗುತ್ತವೆ. ಒಂದು ಹಂಚು ಇನ್ನೊಂದರಂತೆಯೇ ಇರುವುದಲ್ಲವೆ? ಇಲ್ಲಿ ಯಂತ್ರವು ಅನುಸರಿಸುವ ನ್ಯಾಯವು ಮನೋಹರವಾದದ್ದು. ೧೯೮೧ರಲ್ಲಿ ಫಿಶ್ಲರ್ ಮತ್ತು ಬೋಲ್ಸ್ ಎಂಬವರು ಇದನ್ನು ನಿರೂಪಿಸಿದರು. ಕೆಲವೇ ಜೋಡಿ ಗುರುತುಗಳನ್ನು ಗೊತ್ತುಗುರಿಯಿಲ್ಲದೆ ಆರಿಸಿಕೊಂಡು, ಅವುಗಳ ಮಾತನ್ನು ನಂಬಿ ಚಿತ್ರಗಳನ್ನು ಜೋಡಿಸಿ ನೋಡುವುದು. ಮಿಕ್ಕ ಗುರುತುಗಳಲ್ಲಿ ಎಷ್ಟು ಈ ಜೋಡಣೆಯನ್ನು ಒಪ್ಪುತ್ತವೆಂದು ಎಣಿಸುವುದು. ಹೀಗೆಯೇ ನೂರಾರು ಸಲ ಮಾಡಿ, ಅತಿ ಹೆಚ್ಚು ಗುರುತುಗಳು ಒಪ್ಪಿದ ಜೋಡಣೆಯನ್ನು ಇಟ್ಟುಕೊಳ್ಳುವುದು. ಒಪ್ಪದವುಗಳನ್ನು ಸುಳ್ಳು ಸಾಕ್ಷಿಗಳೆಂದು ಬಿಟ್ಟುಬಿಡುವುದು.

ಜೋಡಣೆಯು ಗೊತ್ತಾದ ಮೇಲೆ ಎಲ್ಲವನ್ನೂ ಚಪ್ಪಟೆಯಾದ ಕಾಗದದ ಮೇಲೆ ಹರಡಬೇಕು. ಕಿತ್ತಳೆಯ ಸಿಪ್ಪೆಯನ್ನು ಹರಿಯದೆ ಹಿಗ್ಗಿಸದೆ ಮೇಜಿನ ಮೇಲೆ ಚಪ್ಪಟೆ ಮಾಡಲು ಬರುವುದಿಲ್ಲ. ಭೂಪಟ ಬರೆಯುವವರಿಗೂ ಇದೇ ಕಷ್ಟ. ಸುತ್ತಲಿನ ನೋಟವನ್ನು ಕೊಳವೆಯ ಒಳಮೈಯಲ್ಲಿ ಬರೆದು, ಆ ಕೊಳವೆಯನ್ನು ಸೀಳಿ ಬಿಡಿಸಿದಂತೆ ನಾವು ಹರಡಿದೆವು. ಈ ಕ್ರಮದಲ್ಲಿ ನೆಟ್ಟಗಿನ ಕಂಬಗಳು ನೆಟ್ಟಗೇ ಉಳಿಯುತ್ತವೆ. ಅಡ್ಡಲಾಗಿರುವ ಉದ್ದನೆಯ ಗೆರೆಗಳು ಬಾಗುತ್ತವೆ. "ನಮ್ಮ ಶಾಲೆಯ ಸೂರು ನಡುವೆ ಉಬ್ಬಿ ಎರಡು ಕಡೆಗೂ ಇಳಿದಿರುವುದೇಕೆ?" ಎಂದು ಕೇಳಿದವರಿಗೆ ಇದೇ ಉತ್ತರ. ಸೂರು ಬಾಗಿಲ್ಲ, ಕಾಗದವು ಬಾಗದಿರುವುದರಿಂದ ಸೂರು ಬಾಗಿದಂತೆ ಕಾಣುತ್ತದೆ.

ಕೊನೆಯದಾಗಿ ಹೊಲಿಗೆಯನ್ನು ಮರೆಮಾಡುವುದು. ಸಮಾನಭಾಗದಲ್ಲಿ ಎರಡು ಚಿತ್ರಗಳ ನಡುವೆ ಎಲ್ಲಿ ವ್ಯತ್ಯಾಸವು ಕಡಮೆಯಿರುವುದೋ ಅಲ್ಲಿ ಯಂತ್ರವು ಒಂದು ವಕ್ರವಾದ ಗೆರೆಯನ್ನು ಎಳೆದುಕೊಳ್ಳುತ್ತದೆ. ಗೆರೆಯ ಎಡಕ್ಕೆ ಮೊದಲನೆಯ ಚಿತ್ರ, ಬಲಕ್ಕೆ ಎರಡನೆಯದು. ಆ ಗೆರೆಯೂ ತೋರದಂತೆ ಮಾಡಲು ೧೯೮೩ರಲ್ಲಿ ಬರ್ಟ್ ಮತ್ತು ಆಡೆಲ್‌ಸನ್ ಎಂಬವರು ಪ್ರಕಟಿಸಿದ ಉಪಾಯವುಂಟು. ಆಕಾಶದ ಬಣ್ಣದಂತಹ ನಿಧಾನವಾಗಿ ಬದಲಾಗುವ ಅಂಶಗಳನ್ನು ಅಗಲವಾದ ಪಟ್ಟಿಯಲ್ಲಿ ಮೆಲ್ಲಗೆ ಬೆರೆಸುವುದು. ಎಲೆ, ಕೂದಲು, ಸೀರೆಯ ಅಂಚು ಇಂತಹ ಸೂಕ್ಷ್ಮವಾದ ಅಂಶಗಳನ್ನು ಅತಿ ಕಿರಿದಾದ ಪಟ್ಟಿಯಲ್ಲಿ ಬೆರೆಸುವುದು. ಹೀಗೆ ಮಾಡಿದಲ್ಲಿ ಬಣ್ಣವೂ ಒಡೆಯುವುದಿಲ್ಲ, ವಿವರವೂ ಎರಡೆರಡಾಗುವುದಿಲ್ಲ.

ಹೊಲಿಗೆಯಲ್ಲಿ ಕಳೆದುಹೋದ ಮಗು

ಚಿತ್ರವು ಸಿದ್ಧವಾಗಿ ಗೋಡೆಗೇರಿದ ದಿನ ನಮಗೆಲ್ಲರಿಗೂ ಬಹಳ ಹೆಮ್ಮೆ. ಹೊಲಿಗೆ ಎಲ್ಲಿದೆಯೆಂದು ಹುಡುಕಿದವರಿಗೆ ಅದು ಸಿಕ್ಕಲಿಲ್ಲ. ಎರಡು ದಿವಸಗಳ ಮೇಲೆ ಆರನೆಯ ತರಗತಿಯ ಒಬ್ಬ ಹುಡುಗಿಯು ತನ್ನ ಅಜ್ಜಿಯನ್ನು ಕರೆದುಕೊಂಡು ಬಂದಳು. ಆ ಮುದುಕಿಯು ಚಿತ್ರದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆರಳಿಟ್ಟು ಒಂದೊಂದು ಮುಖವನ್ನೂ ನೋಡುತ್ತ ಹೋದರು. ಮತ್ತೆ ಹಿಂದಕ್ಕೆ ಬಂದರು. ಕಡೆಗೆ ನಮ್ಮ ಕಡೆಗೆ ತಿರುಗಿ, "ಟೀಚರಮ್ಮಾ, ನಮ್ಮ ಮಗು ಅವತ್ತು ಶಾಲೆಗೆ ಬಂದಿರಲಿಲ್ಲವೇ?" ಎಂದು ಕೇಳಿದರು. ಹುಡುಗಿಯು ತಲೆ ತಗ್ಗಿಸಿ, "ನಾನು ಅಲ್ಲೇ ನಿಂತಿದ್ದೆ, ಮಿಸ್" ಎಂದು ಮಾತ್ರ ಹೇಳಿದಳು. ಹಾಜರಿ ಪುಸ್ತಕವನ್ನು ತರಿಸಿ ನೋಡಿದೆವು. ಆ ದಿನ ಅವಳು ಹಾಜರಿದ್ದಳು. ಚಿತ್ರದಲ್ಲಿ ಮಾತ್ರ ಅವಳಿರಲಿಲ್ಲ.

ಮೂಲವಾದ ಹತ್ತು ಚಿತ್ರಗಳನ್ನು ತೆರೆದು ನೋಡಿದಾಗ ಸಂಗತಿಯು ಹೊರಬಿತ್ತು. ನಾಲ್ಕನೆಯ ಚಿತ್ರದ ಬಲ ಅಂಚಿನ ಹತ್ತಿರ ಅವಳು ನೆಟ್ಟಗೆ ನಿಂತಿದ್ದಾಳೆ. ಅವಳಿಂದ ಸ್ವಲ್ಪ ಎಡಕ್ಕೆ ಮುಂದಿನ ಸಾಲಿನಲ್ಲಿದ್ದ ಚಿಕ್ಕ ಮಗುವೊಂದು ಬಿಸಿಲಿಗೆ ಬಳಲಿ ವಾಲಿದ್ದರಿಂದ, ಐದನೆಯ ಚಿತ್ರವನ್ನು ತೆಗೆಯುವಷ್ಟರಲ್ಲಿ ಎರಡು ಹೆಜ್ಜೆ ಎಡಕ್ಕೆ ಬಂದು ಆ ಮಗುವನ್ನು ಹಿಡಿದುಕೊಂಡಿದ್ದಾಳೆ. ಎರಡು ಸ್ಥಾನಗಳೂ ಸಮಾನಭಾಗದೊಳಗೇ ಇದ್ದುವು. ಯಂತ್ರವು ಅವೆರಡರ ನಡುವೆ ಗೆರೆಯನ್ನೆಳೆಯಿತು. ಗೆರೆಯ ಎಡಕ್ಕೆ ನಾಲ್ಕನೆಯ ಚಿತ್ರ: ಆಗ ಅವಳು ಅಲ್ಲಿಗೆ ಬಂದಿರಲಿಲ್ಲ. ಗೆರೆಯ ಬಲಕ್ಕೆ ಐದನೆಯ ಚಿತ್ರ: ಆಗ ಅವಳು ಅಲ್ಲಿಂದ ಹೊರಟುಹೋಗಿದ್ದಳು. ಹೀಗೆ ಎರಡು ಚಿತ್ರಗಳಲ್ಲಿಯೂ ಇದ್ದ ಹುಡುಗಿಯು ಕೂಡಿಸಿದ ಚಿತ್ರದಲ್ಲಿ ಇಲ್ಲವಾದಳು. ಅವಳು ಬಲಕ್ಕೆ ಸರಿದಿದ್ದರೆ ಎರಡು ಸಲ ಕಾಣಿಸಿಕೊಳ್ಳುವ ಸಂಭವವಿತ್ತು. ೧೯೦೪ರಲ್ಲಿ ಪೇಟೆಂಟಾದ 'ಸರ್ಕಟ್' ಎಂಬ ತಿರುಗುವ ಕ್ಯಾಮೆರಾದ ಕಾಲದಲ್ಲಿ ಶಾಲೆಯ ತುಂಟ ಹುಡುಗರು ಸಾಲಿನ ಹಿಂದೆ ಓಡಿ ಎರಡು ತುದಿಗಳಲ್ಲಿಯೂ ನಿಲ್ಲುತ್ತಿದ್ದರಂತೆ. ತುಂಟತನ ಮಾಡಿದವರು ಎರಡಾದರು. ನಮ್ಮಲ್ಲಿ ಸಹಾಯಕ್ಕೆ ಹೋದವಳು ಅಳಿಸಿಹೋದಳು!

ಸಾಫ್ಟ್‌ವೇರನ್ನು ನಡೆಸಿದ ಹುಡುಗಿಯರು ಕೂಡಲೇ ಒಂದು ಪರಿಹಾರವನ್ನು ಸೂಚಿಸಿದರು. ಕ್ರೀಡಾದಿನದ ಚಿತ್ರವೊಂದರಿಂದ ಆಕೆಯ ರೂಪವನ್ನು ಕತ್ತರಿಸಿ ಇಲ್ಲಿ ಅಂಟಿಸಿದರೆ ಯಾರಿಗೂ ತಿಳಿಯದೆಂದು ಅವರು ಹೇಳಿದರು. ತಿಳಿಯದೆಂಬುದು ನಿಜ. ಆದರೆ ಆ ದಿನ, ಆ ಅಂಗಳದಲ್ಲಿ, ಆ ಬಿಸಿಲಿನಲ್ಲಿ ನಿಂತವರ ಚಿತ್ರವೆಂದು ನಾವು ಅಡಿಬರಹ ಬರೆದಿರುವಾಗ, ಬೇರೆ ದಿನದ ರೂಪವನ್ನು ಅದರಲ್ಲಿ ಸೇರಿಸುವುದು ತಕ್ಕದ್ದಲ್ಲವೆಂದು ನಾವು ನಿರ್ಣಯಿಸಿದೆವು. ಅದರ ಅಗತ್ಯವೂ ಇರಲಿಲ್ಲ. ಯಂತ್ರವು ಎಳೆದ ಗೆರೆಯನ್ನು ನಾವೇ ಕೈಯಿಂದ ಬಲಕ್ಕೆ ಸರಿಸಿ, ಅವಳು ನಿಂತಿದ್ದ ಸ್ಥಳವು ನಾಲ್ಕನೆಯ ಚಿತ್ರದ ಪಾಲಿಗೆ ಬರುವಂತೆ ಮಾಡಿದೆವು. ಹೊಸದಾಗಿ ಒಂದು ಚುಕ್ಕೆಯನ್ನೂ ಸೇರಿಸದೆ ಅವಳು ತನ್ನ ಸ್ಥಳಕ್ಕೆ ಬಂದಳು. ಗೋಡೆಯ ಪ್ರತಿಯನ್ನು ಇಳಿಸಿ ಮತ್ತೊಮ್ಮೆ ಅಚ್ಚು ಮಾಡಿಸಿದೆವು. ಖರ್ಚು ಎರಡರಷ್ಟಾಯಿತು, ಅದರ ಬಗ್ಗೆ ನಮಗೆ ಪಶ್ಚಾತ್ತಾಪವಿಲ್ಲ.

ಈ ಪ್ರಸಂಗದಿಂದ ತಿಳಿಯತಕ್ಕದ್ದೇನಂದರೆ, ಕೂಡಿಸಿದ ಚಿತ್ರವು ಒಂದು ಕ್ಷಣದ ಚಿತ್ರವಲ್ಲ. ನಮ್ಮದರಲ್ಲಿ ಒಂದು ನಿಮಿಷದಷ್ಟು ಕಾಲವು ಮಡಿಸಿಕೊಂಡಿದೆ. ೧೮೭೮ರಲ್ಲಿ ಮೈಬ್ರಿಜ್ ಎಂಬ ಪ್ರಸಿದ್ಧ ಛಾಯಾಚಿತ್ರಕಾರನು ಸಾನ್ ಫ್ರಾನ್ಸಿಸ್ಕೋ ನಗರವನ್ನು ಎತ್ತರದ ಮನೆಯೊಂದರ ಮೇಲಿನಿಂದ ಹದಿಮೂರು ದೊಡ್ಡ ಚಿತ್ರಗಳಲ್ಲಿ ಸುತ್ತಲೂ ಹಿಡಿದನು. ಕೂಡಿಸಿದರೆ ಅವು ೧೭ ಅಡಿಗಳಷ್ಟು ಉದ್ದ. ಅವುಗಳಲ್ಲಿ ಒಂದನ್ನು ಮಿಕ್ಕವುಗಳ ಕ್ರಮ ತಪ್ಪಿಸಿ ಬೇರೆ ಹೊತ್ತಿನಲ್ಲಿ ತೆಗೆದಿರುವುದು ನೆರಳುಗಳಿಂದ ಗೊತ್ತಾಗುತ್ತದೆ. ೧೯೦೬ರ ಭೂಕಂಪ ಮತ್ತು ಬೆಂಕಿಯಲ್ಲಿ ಆ ನಗರದ ಬಹುಭಾಗವು ನಾಶವಾದುದರಿಂದ ಆ ಚಿತ್ರಕ್ಕೆ ಬೆಲೆ ಕಟ್ಟಲಾಗದು. ಬೀಳಲಿರುವ ಕಟ್ಟಡದ ಚಿತ್ರವನ್ನು ತೆಗೆಯುವವರು ಈ ಉದಾಹರಣೆಯನ್ನು ಮರೆಯಬಾರದು.

ದೊಡ್ಡ ಕೆಲಸಗಳು

ಇದೇ ಕ್ರಮದಿಂದ ವಿದ್ವಾಂಸರು ಮಾಡಿರುವ ಎರಡು ದೊಡ್ಡ ಕೆಲಸಗಳನ್ನು ಇಲ್ಲಿ ಹೇಳತಕ್ಕದ್ದು. ಹಾಲೆಂಡಿನ ಆಮ್‌ಸ್ಟರ್‌ಡ್ಯ್ಾಮ್ ನಗರದ ರೈಕ್ಸ್ ಮ್ಯೂಸಿಯಂನಲ್ಲಿ ರೆಂಬ್ರಾಂಟನು ೧೬೪೨ರಲ್ಲಿ ಮುಗಿಸಿದ 'ರಾತ್ರಿಯ ಪಹರೆ' ಎಂಬ ಮಹಾಚಿತ್ರವಿದೆ. ಅದನ್ನು ೨೦೨೦ರಲ್ಲಿ ೫೨೮ ಚಿತ್ರಗಳಿಂದಲೂ, ೨೦೨೨ರಲ್ಲಿ ೮,೪೩೯ ಚಿತ್ರಗಳಿಂದಲೂ ಕೂಡಿಸಿ ಪ್ರಕಟಿಸಿದರು. ಎರಡನೆಯದರಲ್ಲಿ ೭೧,೭೦೦ ಕೋಟಿ ಚುಕ್ಕೆಗಳಿವೆ. ಒಂದೊಂದು ಚುಕ್ಕೆಯೂ ಮಿಲಿಮೀಟರಿನ ಇನ್ನೂರರಲ್ಲಿ ಒಂದು ಪಾಲು. ಬಣ್ಣದ ಒಂದೊಂದು ಬಿರುಕನ್ನೂ ಲೆಕ್ಕವಿಟ್ಟು, ಚಿತ್ರವು ಹೇಗೆ ಸವೆಯುತ್ತಿದೆಯೆಂದು ತಿಳಿದು ಅದನ್ನು ಕಾಪಾಡುವುದೇ ಇದರ ಉದ್ದೇಶ. ಟ್ರೈಪನು ತಂಜಾವೂರಿನಲ್ಲಿ ಮಾಡಿದಂತೆ ಇಲ್ಲಿಯೂ ಕ್ಯಾಮೆರಾವನ್ನು ಸರಿಸುತ್ತ ಹೋದರು.

ಎರಡನೆಯದು ಭೂಮಿಯ ಮೇಲಿನದಲ್ಲ. ಮಂಗಳ ಗ್ರಹದಲ್ಲಿರುವ 'ಕ್ಯೂರಿಯಾಸಿಟಿ' ಎಂಬ ಯಂತ್ರವಾಹನವು ೨೦೧೯ರ ನವೆಂಬರ್ ೨೪ರಿಂದ ಡಿಸೆಂಬರ್ ೧ರವರೆಗಿನ ಅವಧಿಯಲ್ಲಿ ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ತೆಗೆಯಿತು. ಅವನ್ನು ಕೂಡಿಸಿ ೧೮೦ ಕೋಟಿ ಚುಕ್ಕೆಗಳ ನೋಟವೊಂದನ್ನು ೨೦೨೦ರಲ್ಲಿ ಪ್ರಕಟಿಸಿದರು. ಬೆಳಕು ಒಂದೇ ಸಮನಾಗಿರಲೆಂದು ಪ್ರತಿದಿನವೂ ಅಲ್ಲಿಯ ಮಧ್ಯಾಹ್ನ ಹನ್ನೆರಡರಿಂದ ಎರಡು ಗಂಟೆಯ ಒಳಗೇ ಚಿತ್ರ ತೆಗೆಯುವಂತೆ ಏರ್ಪಡಿಸಿದ್ದರು. ನಮ್ಮ ಅಂಗಳದ ನಿಯಮವೇ ಮಂಗಳನ ಮರಳಿನಲ್ಲಿಯೂ ನಡೆಯುತ್ತದೆಂಬುದು ನಮ್ಮ ಮಕ್ಕಳಿಗೆ ಬಹಳ ಸಂತೋಷವನ್ನು ಕೊಟ್ಟಿತು.

ಕೊನೆಯ ಮಾತು

ಈ ಕಲೆಯನ್ನು ಅಭ್ಯಾಸ ಮಾಡಲಿಚ್ಛಿಸುವ ವಿದ್ಯಾರ್ಥಿನಿಯರಿಗೆ ನಮ್ಮ ಅನುಭವದಿಂದ ಕೆಲವು ಸೂಚನೆಗಳನ್ನು ಕೊಡುತ್ತೇವೆ. ಜನರ ಚಿತ್ರವನ್ನು ತೆಗೆಯುವಾಗ ಗುಂಪುಗುಂಪುಗಳ ನಡುವೆ ಎರಡು ಮೊಳದಷ್ಟು ತೆರಪು ಬಿಟ್ಟು, ಹೊಲಿಗೆಯ ಗೆರೆಯು ಆ ತೆರಪಿನಲ್ಲಿಯೇ ಬೀಳುವಂತೆ ನೋಡಿಕೊಳ್ಳಿರಿ. ಎಲ್ಲವನ್ನೂ ಎರಡು ಸಲ ತೆಗೆಯಿರಿ. ಕೂಡಿಸಿದ ಮೇಲೆ ಮೂಲಚಿತ್ರಗಳನ್ನು ಎಸೆಯಬೇಡಿರಿ; ನಾವು ಎಸೆದಿದ್ದರೆ ಆ ಮಗುವಿಗೆ ನ್ಯಾಯ ದೊರಕಿಸುವ ಮಾರ್ಗವೇ ಇರುತ್ತಿರಲಿಲ್ಲ. ಚಿತ್ರದ ಹಿಂದೆ ದಿನಾಂಕ, ವೇಳೆ, ಎಷ್ಟು ಚಿತ್ರಗಳನ್ನು ಕೂಡಿಸಲಾಗಿದೆ ಎಂಬುದನ್ನು ಬರೆದಿಡಿರಿ. ಎಲ್ಲಕ್ಕಿಂತ ಹೆಚ್ಚಾಗಿ, ಹೊಲಿಗೆಯು ಕಾಣುವುದಿಲ್ಲವೆಂದು ಸಂತೋಷಪಡುವುದಕ್ಕೆ ಮುಂಚೆ ಹಾಜರಿ ಪುಸ್ತಕವನ್ನು ಹಿಡಿದು ಒಂದೊಂದು ಮುಖವನ್ನೂ ಎಣಿಸಿರಿ. ನಯವಾಗಿ ಕಾಣುವುದೆಲ್ಲವೂ ಪೂರ್ಣವೆಂದು ಭಾವಿಸಬಾರದು.

ಬರುವ ವರುಷ ಈ ವೇಳೆಗೆ ಹಳೆಯ ಶಾಲಾಗೃಹವು ಇರುವುದಿಲ್ಲ. ಅದರ ಸೂರು, ಜಗಲಿಯ ಕಂಬಗಳು, ಗಂಟೆಯು ತೂಗುವ ಕೊಂಬೆ ಇವೆಲ್ಲ ಈ ಕಾಗದದಲ್ಲಿ ಮಾತ್ರ ಉಳಿಯುವುವು. ವಾಚಕರು ಚಿತ್ರವನ್ನು ಬಿಡಿಸಿದಾಗ ಎಡದಿಂದ ಎಣಿಸಿ ಮೂರನೆಯ ಕಂಬದ ಮುಂದೆ ನೋಡಲಿ. ಎರಡು ಜಡೆಗಳನ್ನು ಮುಂದಕ್ಕೆ ಹಾಕಿಕೊಂಡು, ಪಕ್ಕದ ಚಿಕ್ಕ ಮಗುವಿನ ಕಡೆಗೆ ಓರೆಗಣ್ಣಿನಿಂದ ನೋಡುತ್ತ ನಿಂತಿರುವ ಹುಡುಗಿಯೊಬ್ಬಳು ಅಲ್ಲಿದ್ದಾಳೆ. ಅವಳು ಅಲ್ಲಿಯೇ ನಿಂತಿದ್ದಳು.